ಹೋಟೆಲ್ ನಿಮ್ಮ ಬಗ್ಗೆ ಬರೆದಿಟ್ಟಿರುವುದೇನು? ತಿಳಿದುಕೊಳ್ಳುವ, ತಿದ್ದಿಸುವ, ಅಳಿಸುವ ಕ್ರಮ

ಒಮ್ಮೆ ತಂಗಿದ್ದ ಹೋಟೆಲ್‌ಗೆ ವರ್ಷ ಕಳೆದ ಮೇಲೆ ಮತ್ತೆ ಹೋದಾಗ, ನಾವು ಕೇಳುವ ಮೊದಲೇ ಲಿಫ್ಟಿನಿಂದ ದೂರದ ಕೋಣೆಯನ್ನು ಕೊಡುವುದುಂಟು. ಕೌಂಟರಿನಲ್ಲಿರುವವರು ನಮ್ಮನ್ನು ಹಿಂದೆಂದೂ ಕಂಡವರಲ್ಲ. ಹಿಂದಿನ ಸಲ ಸದ್ದಿನಿಂದ ನಿದ್ದೆ ಬರಲಿಲ್ಲವೆಂದು ನಾವು ಆಡಿದ ಮಾತನ್ನು ಬೇರೊಬ್ಬರು ನಮ್ಮ ಹೆಸರಿನ ಕೆಳಗೆ ಟೈಪ್ ಮಾಡಿಟ್ಟಿರುತ್ತಾರೆ. ಇಂಥ ಟಿಪ್ಪಣಿಯಿಂದ ಅನುಕೂಲವಾಗುತ್ತದೆ, ನಿಜ; ಆದರೆ ಅದೇ ಜಾಗದಲ್ಲಿ ‘ಬಿಲ್ ಕೊಡುವಾಗ ತಕರಾರು ಮಾಡುತ್ತಾರೆ’ ಎಂಬ ಸಾಲೂ ಇರಬಹುದು. ಹೆಸರು, ಫೋನ್ ಸಂಖ್ಯೆ, ಗುರುತಿನ ಚೀಟಿಯ ವಿವರ ಇವೆಲ್ಲ ನಾವೇ ಕೊಟ್ಟ ಮಾಹಿತಿಯಾದ್ದರಿಂದ ಅವುಗಳ ಅಂದಾಜು ನಮಗಿರುತ್ತದೆ. ಸಿಬ್ಬಂದಿ ನಮ್ಮ ಬಗ್ಗೆ ಬರೆದದ್ದು ಕೇಳಿ ಪಡೆಯದ ಹೊರತು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಈ ಲೇಖನವು ಎರಡನ್ನೂ ಕುರಿತದ್ದಾದರೂ ಹೆಚ್ಚಿನ ಗಮನ ಎರಡನೆಯದರ ಮೇಲಿದೆ.

ಮೊದಲು ತಿಳಿಯಬೇಕಾದದ್ದು: ಯಾವುದು ಎಲ್ಲಿರುತ್ತದೆ

ಕೋಣೆಗಳ ಹಂಚಿಕೆ, ಬಿಲ್, ಹೌಸ್‌ಕೀಪಿಂಗ್ ಇವನ್ನೆಲ್ಲ ಒಂದೇ ಕಡೆ ನಿಭಾಯಿಸುವ ತಂತ್ರಾಂಶಕ್ಕೆ ಈ ಉದ್ಯಮದಲ್ಲಿ ಪ್ರಾಪರ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಚಿಕ್ಕದಾಗಿ ಪಿಎಂಎಸ್, ಎನ್ನುತ್ತಾರೆ. ಒರಾಕಲ್ ಕಂಪನಿಯ ಒಪೆರಾ ಅವುಗಳಲ್ಲಿ ಬಹಳ ಬಳಕೆಯಲ್ಲಿರುವುದು. ಇಂಥ ತಂತ್ರಾಂಶಗಳಲ್ಲಿ ಅತಿಥಿಯ ಪ್ರೊಫೈಲ್ ಬೇರೆ, ಕಾಯ್ದಿರಿಸುವಿಕೆ ಬೇರೆ. ‘ರಾತ್ರಿ ತಡವಾಗಿ ಬರುತ್ತಾರೆ’, ‘ಮಗುವಿಗೆ ತೊಟ್ಟಿಲು ಬೇಕು’ ಎಂಬಂಥವು ಆ ಒಂದು ತಂಗುವಿಕೆಗೆ ಅಂಟಿಕೊಂಡಿರುತ್ತವೆ. ಪ್ರೊಫೈಲಿನಲ್ಲಿ ಬರೆದದ್ದು ಹಾಗಲ್ಲ, ಅತಿಥಿ ಪ್ರತಿ ಸಲ ಕೋಣೆ ಕಾಯ್ದಿರಿಸಿದಾಗಲೂ ಅವರ ಜೊತೆಗೇ ಬರುತ್ತದೆ. ಮರೆಯಬಾರದ ಸಂಗತಿಯಾದರೆ ಅದಕ್ಕೆ ಅಲರ್ಟ್ ಹಾಕುತ್ತಾರೆ. ಚೆಕ್ ಇನ್ ಮಾಡಲು ಹೆಸರು ತೆರೆದೊಡನೆ ಅದು ಪರದೆಯ ಮೇಲೆ ತಾನಾಗಿ ಮೂಡುತ್ತದೆ. ಇಂಥ ದಿನ ಇಂಥ ವಿಭಾಗದವರು ಮಾಡಬೇಕಾದ ಕೆಲಸವನ್ನು ಟ್ರೇಸ್ ಎಂದು ದಾಖಲಿಸುತ್ತಾರೆ. ಮುಂದೆ ಕೋಣೆ ಕೊಡುವ ಮುನ್ನ ಮೇಲಿನವರನ್ನು ಕೇಳಬೇಕು ಅಥವಾ ಕೊಡಲೇಬಾರದು ಎಂಬ ನಿರ್ಬಂಧದ ಗುರುತನ್ನೂ ಪ್ರೊಫೈಲಿಗೆ ಹಾಕಲು ಸಾಧ್ಯವಿದೆ.

ಒಂದು ಪ್ರೊಫೈಲ್ ಪರದೆ ಹೇಗಿರಬಹುದೆಂಬುದನ್ನು ಊಹಿಸಿಕೊಳ್ಳೋಣ. ಮೇಲ್ಭಾಗದಲ್ಲಿ ಹೆಸರು, ವಿಳಾಸ, ಇಮೇಲ್, ರಾಷ್ಟ್ರೀಯತೆ, ಜನ್ಮದಿನಾಂಕ, ಸದಸ್ಯತ್ವ ಸಂಖ್ಯೆ. ಅದರ ಕೆಳಗೆ ಎಷ್ಟು ಸಲ ಬಂದರು, ಎಷ್ಟು ರಾತ್ರಿ ಇದ್ದರು, ಒಟ್ಟು ಎಷ್ಟು ಖರ್ಚು ಮಾಡಿದರು ಎಂಬ ಲೆಕ್ಕ. ಪಕ್ಕದಲ್ಲಿ ಇಷ್ಟಾನಿಷ್ಟಗಳ ಪಟ್ಟಿ: ಎತ್ತರದ ಮಹಡಿ, ಧೂಮಪಾನವಿಲ್ಲದ ಕೋಣೆ, ಎರಡು ಹೆಚ್ಚುವರಿ ದಿಂಬು. ಇವೆಲ್ಲ ಪಟ್ಟಿಯಿಂದ ಆರಿಸಿದವು; ಇವುಗಳಲ್ಲಿ ಅಪಾಯ ಕಡಿಮೆ. ಕೊನೆಯಲ್ಲಿ ಏನನ್ನು ಬೇಕಾದರೂ ಟೈಪ್ ಮಾಡಬಹುದಾದ ಒಂದು ಖಾಲಿ ಚೌಕವಿರುತ್ತದೆ. ‘ಹೆಂಡತಿಗೆ ಕಡಲೆಕಾಯಿ ಅಲರ್ಜಿ’, ‘ಹಿಂದಿನ ಸಲ ಟವೆಲ್ ಕಾಣೆಯಾಗಿತ್ತು’, ‘ಜೊತೆಗೆ ಬಂದವರ ಹೆಸರನ್ನು ಬಿಲ್ಲಿನಲ್ಲಿ ಹಾಕಬಾರದು’ — ಒಬ್ಬರ ಆರೋಗ್ಯ, ಇನ್ನೊಬ್ಬರ ಮೇಲಿನ ಅನುಮಾನ, ಮತ್ತೊಬ್ಬರ ಖಾಸಗಿ ಬದುಕು, ಮೂರೂ ಈ ಚೌಕದಲ್ಲಿ ಸಮನಾಗಿ ಕುಳಿತಿರುತ್ತವೆ. ಬರೆದವರು ಕೆಲಸ ಬಿಟ್ಟು ಹೋದರೂ ಸಾಲು ಉಳಿಯುತ್ತದೆ. ಹೋಟೆಲ್ ಇಟ್ಟುಕೊಳ್ಳುವ ಮಾಹಿತಿಯಲ್ಲೆಲ್ಲ ಅತಿಥಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಈ ಚೌಕದ ಬಗ್ಗೆ ಎಂಬುದು ನನ್ನ ಅಭಿಪ್ರಾಯ.

ಪಿಎಂಎಸ್‌ನ ಹೊರಗೂ ಮಾಹಿತಿ ಚೆದುರಿರುತ್ತದೆ. ಡ್ಯೂಟಿ ಮ್ಯಾನೇಜರ್ ಬರೆಯುವ ಲಾಗ್ ಪುಸ್ತಕ, ಸ್ಪಾದವರು ತುಂಬಿಸಿಕೊಳ್ಳುವ ಆರೋಗ್ಯದ ಫಾರಂ, ವೈಫೈ ಲಾಗಿನ್ ದಾಖಲೆ, ಸಿಸಿಟಿವಿ ದೃಶ್ಯ, ಸಿಬ್ಬಂದಿಯ ಮೆಸೇಜ್ ಗುಂಪು ಇವೆಲ್ಲ ಬೇರೆ ಬೇರೆ ಕಡೆ ಇರುತ್ತವೆ. ಬಾಗಿಲಿನ ಎಲೆಕ್ಟ್ರಾನಿಕ್ ಬೀಗವು ಯಾವ ಕಾರ್ಡಿನಿಂದ ಯಾವಾಗ ತೆರೆಯಿತು ಎಂಬುದನ್ನು ದಾಖಲಿಸಿಕೊಳ್ಳುತ್ತದೆ. ಕೋಣೆಯಿಂದ ವಸ್ತು ಕಳೆದುಹೋದಾಗ ಈ ದಾಖಲೆ ಅತಿಥಿಗೇ ನೆರವಾಗುತ್ತದೆ. ಕೋಣೆಯ ಕೀ ಕಾರ್ಡಿನೊಳಗೆ ನಮ್ಮ ಕ್ರೆಡಿಟ್ ಕಾರ್ಡಿನ ವಿವರ ಇರುತ್ತದೆ ಎಂಬ ಮಾತು ಹಳೆಯ ಗಾಳಿಸುದ್ದಿ. ಸಾಮಾನ್ಯವಾಗಿ ಅದರಲ್ಲಿರುವುದು ಯಾವ ಬಾಗಿಲು, ಯಾವ ದಿನದವರೆಗೆ ಎಂಬ ಸಂಕೇತ ಮಾತ್ರ.

ಬುಕಿಂಗ್ ತಾಣದ ಮೂಲಕ ಹೋದವರ ಮಾಹಿತಿ ಆ ತಾಣದಲ್ಲೂ ಪ್ರತ್ಯೇಕವಾಗಿ ಇರುತ್ತದೆ. ಬುಕಿಂಗ್ ಡಾಟ್ ಕಾಮ್‌ನಂಥ ತಾಣ ಹೋಟೆಲ್‌ಗೆ ಅತಿಥಿಯ ನಿಜವಾದ ಇಮೇಲ್ ಬದಲು ತಾನೇ ರೂಪಿಸಿದ ವಿಳಾಸವನ್ನು ಕೊಡುತ್ತದೆ. ಆದ್ದರಿಂದಲೇ ಕೌಂಟರಿನಲ್ಲಿ ‘ನಿಮ್ಮ ಇಮೇಲ್ ಹೇಳಿ’ ಎಂದು ಮತ್ತೆ ಕೇಳುತ್ತಾರೆ.

ಕಾನೂನು ಕೇಳುವುದು, ಹೋಟೆಲ್ ಕೇಳುವುದು

ಈ ಎರಡನ್ನು ಬೇರ್ಪಡಿಸಿಕೊಂಡರೆ ಕೌಂಟರಿನ ಮುಂದೆ ಮಾತು ಸುಲಭವಾಗುತ್ತದೆ. ತಂಗುವವರ ಗುರುತನ್ನು ದಾಖಲಿಸುವುದು ಅನೇಕ ದೇಶಗಳಲ್ಲಿ ಕಡ್ಡಾಯ. ಯುರೋಪಿನ ಹಲವು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಕೈಬಿಡಲು ಮಾಡಿಕೊಂಡ ಷೆಂಗೆನ್ ಒಪ್ಪಂದವನ್ನು ಜಾರಿಗೊಳಿಸುವ ಒಡಂಬಡಿಕೆಯ 45ನೆಯ ವಿಧಿಯ ಪ್ರಕಾರ ವಿದೇಶಿ ಅತಿಥಿಗಳು ನೋಂದಣಿ ಫಾರಂ ತುಂಬಿ ಸಹಿ ಹಾಕಬೇಕು. ಇಟಲಿಯಲ್ಲಿ ಅತಿಥಿ ಬಂದ 24 ಗಂಟೆಯೊಳಗೆ ವಿವರವನ್ನು ಪೊಲೀಸರಿಗೆ ಆನ್‌ಲೈನಿನಲ್ಲಿ ಕಳಿಸಬೇಕು. ಜರ್ಮನಿಯು 2025ರ ಜನವರಿಯಿಂದ ತನ್ನ ನಾಗರಿಕರಿಗೆ ಈ ಫಾರಂ ತುಂಬುವ ಕಟ್ಟಳೆಯನ್ನು ಕೈಬಿಟ್ಟಿತು, ವಿದೇಶಿಯರಿಗೆ ಉಳಿಸಿಕೊಂಡಿತು. ಅಮೆರಿಕದ ಲಾಸ್ ಏಂಜಲೀಸ್ ನಗರವು ಪೊಲೀಸರು ಕೇಳಿದಾಗಲೆಲ್ಲ ಅತಿಥಿಗಳ ರಿಜಿಸ್ಟರ್ ತೋರಿಸಬೇಕೆಂದು ಮಾಡಿದ್ದ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿತು. ತೋರಿಸುವ ಮೊದಲು ಆ ಆದೇಶವನ್ನು ಪ್ರಶ್ನಿಸಲು ಹೋಟೆಲ್ ಮಾಲೀಕರಿಗೆ ಅವಕಾಶವಿಲ್ಲ ಎಂಬುದು ಆ ತೀರ್ಪಿಗೆ ಕಾರಣವಾಗಿತ್ತು.

ಹೀಗೆ ಕಾನೂನು ಕೇಳುವುದು ಸಾಮಾನ್ಯವಾಗಿ ಹೆಸರು, ರಾಷ್ಟ್ರೀಯತೆ, ಗುರುತಿನ ದಾಖಲೆಯ ಸಂಖ್ಯೆ, ಬಂದ ಹೋದ ದಿನ ಇಷ್ಟನ್ನು. ಮದುವೆಯ ವಾರ್ಷಿಕೋತ್ಸವ, ಉದ್ಯೋಗ, ಜಾಹೀರಾತು ಕಳಿಸಲು ಇಮೇಲ್ ಇವು ಹೋಟೆಲ್ ತನ್ನ ವ್ಯಾಪಾರಕ್ಕಾಗಿ ಕೇಳುವಂಥವು. ಕೊಟ್ಟರೆ ಕೊಡಬಹುದು, ಬಿಟ್ಟರೆ ಬಿಡಬಹುದು.

ಒಂದನೆಯ ಹೆಜ್ಜೆ: ಕಾಯ್ದಿರಿಸುವಾಗ ಬೇಡಿಕೆ ಬರೆಯಿರಿ, ಕಾರಣ ಬೇಡ

‘ವಿಶೇಷ ಕೋರಿಕೆ’ ಎಂಬ ಚೌಕದಲ್ಲಿ ಜನ ಧಾರಾಳವಾಗಿ ಬರೆಯುತ್ತಾರೆ. ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ, ಮೆಟ್ಟಿಲು ಹತ್ತಲು ವೈದ್ಯರು ಬೇಡವೆಂದಿದ್ದಾರೆ ಎಂದೆಲ್ಲ ವಿವರಿಸುವ ಬದಲು ‘ಲಿಫ್ಟಿಗೆ ಹತ್ತಿರದ ಕೋಣೆ, ಸ್ನಾನದ ಮನೆಯಲ್ಲಿ ಹಿಡಿಕೆ ಬೇಕು’ ಎಂದರೆ ಕೆಲಸ ನಡೆಯುತ್ತದೆ. ಆಹಾರದ ಅಲರ್ಜಿ ಇದ್ದರೆ ಅದನ್ನು ಮುಚ್ಚಿಡಬಾರದು, ಅಡುಗೆಮನೆಗೆ ಅದು ತಿಳಿಯಲೇಬೇಕು. ಆದರೆ ಯಾವ ಪದಾರ್ಥ ಆಗದು ಎಂಬಷ್ಟನ್ನು ಹೇಳಿದರೆ ಸಾಕು. ಯುರೋಪಿನ ದತ್ತಾಂಶ ಕಾನೂನು ಆರೋಗ್ಯ, ಧರ್ಮ, ಲೈಂಗಿಕ ಬದುಕು ಮುಂತಾದವನ್ನು ವಿಶೇಷ ರಕ್ಷಣೆಯ ವರ್ಗದಲ್ಲಿ ಇರಿಸಿದೆ. ನೇರವಾಗಿ ಹೇಳದಿದ್ದರೂ ಉಳಿದ ಮಾಹಿತಿಯಿಂದ ಊಹಿಸಬಹುದಾದ ಸಂಗತಿಗೂ ಈ ರಕ್ಷಣೆ ಸಲ್ಲುತ್ತದೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2022ರಲ್ಲಿ ಹೇಳಿತು. ಊಟದ ಕೋರಿಕೆಯಿಂದ ಧರ್ಮವನ್ನು, ಒಂದೇ ಮಂಚ ಬೇಕೆಂಬ ಮಾತಿನಿಂದ ಇಬ್ಬರ ಸಂಬಂಧವನ್ನು ಊಹಿಸಬಹುದಾದ ಹೋಟೆಲ್ ಉದ್ಯಮಕ್ಕೆ ಇದು ಸಣ್ಣ ಮಾತಲ್ಲ.

ಪ್ರಯಾಣಕ್ಕೆಂದೇ ಒಂದು ಬೇರೆ ಇಮೇಲ್ ವಿಳಾಸ ಇಟ್ಟುಕೊಂಡರೆ ಮುಂದೆ ಯಾರ ಬಳಿ ಏನಿದೆಯೆಂದು ಹುಡುಕುವುದು ಸಲೀಸು.

ಎರಡನೆಯ ಹೆಜ್ಜೆ: ಕೌಂಟರಿನಲ್ಲಿ

ನೋಂದಣಿ ಕಾರ್ಡಿಗೆ ಸಹಿ ಹಾಕುವ ಮುನ್ನ ಕೆಳಗಿನ ಸಣ್ಣಕ್ಷರದ ಸಾಲುಗಳನ್ನು ಓದಿ. ಜಾಹೀರಾತಿಗೆ ಒಪ್ಪಿಗೆ ಎಂಬ ಚೌಕಕ್ಕೆ ಮೊದಲೇ ಗುರುತು ಬಿದ್ದಿದ್ದರೆ ಹೊಡೆದುಹಾಕಿ. ಗುರುತಿನ ಚೀಟಿಯನ್ನು ತೋರಿಸುವುದು ಒಂದು, ಅದರ ಪ್ರತಿ ಕೊಡುವುದು ಇನ್ನೊಂದು. ಪ್ರತಿ ಏಕೆ ಬೇಕು, ಎಷ್ಟು ಕಾಲ ಇಡುತ್ತೀರಿ ಎಂದು ವಿನಯದಿಂದಲೇ ಕೇಳಬಹುದು. ಅತಿಥಿಯ ಗುರುತಿನ ಚೀಟಿಯ ಪೂರ್ಣ ಪ್ರತಿ ತೆಗೆದಿಟ್ಟುಕೊಳ್ಳುವುದು ಅಗತ್ಯಕ್ಕೆ ಮೀರಿದ್ದೆಂದು ಸ್ಪೇನಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ ಸ್ಪಷ್ಟವಾಗಿ ಹೇಳಿದೆ. ಪ್ರತಿ ಕೊಡಲೇಬೇಕಾದಲ್ಲಿ, ಸಂಖ್ಯೆಯ ಬಹುಭಾಗ ಮರೆಮಾಡಿದ ರೂಪದ ಚೀಟಿ ಸ್ಥಳೀಯ ನಿಯಮಕ್ಕೆ ಒಪ್ಪಿಗೆಯಾದರೆ ಅದನ್ನೇ ಕೊಡಿ. ಇಲ್ಲವೇ ಪ್ರತಿಯ ಮೇಲೆ ಅಡ್ಡಲಾಗಿ ಹೋಟೆಲ್ ಹೆಸರು, ದಿನಾಂಕ, ‘ನೋಂದಣಿಗಾಗಿ ಮಾತ್ರ’ ಎಂದು ಬರೆಯಿರಿ. ಸಿಬ್ಬಂದಿಯೊಬ್ಬರ ಸ್ವಂತ ಮೊಬೈಲಿಗೆ ಚೀಟಿಯ ಫೋಟೋ ಕಳಿಸುವುದನ್ನು ಮಾತ್ರ ಖಡಾಖಂಡಿತವಾಗಿ ನಿರಾಕರಿಸಬೇಕು. ಆ ಫೋಟೋ ಯಾವ ದಾಖಲೆಯ ವ್ಯವಸ್ಥೆಗೂ ಸೇರುವುದಿಲ್ಲ, ಯಾವ ಅಳಿಸುವ ನಿಯಮಕ್ಕೂ ಸಿಗುವುದಿಲ್ಲ.

ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನ ಹಿಂಬದಿಯ ಮೂರಂಕಿಯ ಸಂಕೇತವನ್ನು ಫಾರಂನಲ್ಲಿ ಬರೆದುಕೊಡಬೇಡಿ, ಇಮೇಲಿನಲ್ಲಿ ಕಳಿಸಬೇಡಿ. ಪಾವತಿಗೆ ಅನುಮೋದನೆ ಸಿಕ್ಕ ಮೇಲೆ ಆ ಸಂಕೇತವನ್ನು ಉಳಿಸಿಕೊಳ್ಳುವುದನ್ನು ಕಾರ್ಡ್ ಉದ್ಯಮದ ಭದ್ರತಾ ಮಾನದಂಡವಾದ ಪಿಸಿಐ ಡಿಎಸ್‌ಎಸ್ ನಿಷೇಧಿಸುತ್ತದೆ. ಕಾಗದದ ಮೇಲೆ ಬರೆದದ್ದು ಮಾತ್ರ ಕಡತದಲ್ಲಿ ಹಾಗೇ ಉಳಿದುಬಿಡುತ್ತದೆ.

ಯಾರಾದರೂ ಹಿಂಬಾಲಿಸುವ, ಹುಡುಕಿಕೊಂಡು ಬರುವ ಭಯವಿದ್ದರೆ ಚೆಕ್ ಇನ್ ಸಮಯದಲ್ಲೇ ಹೇಳಿ. ನಿಮ್ಮ ಇರುವಿಕೆಯನ್ನು ಗೋಪ್ಯವಾಗಿಡಬೇಕೆಂಬ ಗುರುತನ್ನು ದಾಖಲೆಗೆ ಹಾಕಿ, ಫೋನ್ ಮಾಡಿ ವಿಚಾರಿಸಿದವರಿಗೆ ಏನನ್ನೂ ತಿಳಿಸದಂತೆ ನೋಡಿಕೊಳ್ಳಲು ಬರುತ್ತದೆ. ಕೋಣೆ ಸಂಖ್ಯೆಯನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿದರೆ ಬೇರೆ ಕೋಣೆ ಕೇಳುವುದರಲ್ಲಿ ಸಂಕೋಚಪಡಬೇಕಿಲ್ಲ.

ಮೂರನೆಯ ಹೆಜ್ಜೆ: ತಕರಾರು ಎದ್ದರೆ ಬರವಣಿಗೆಯಲ್ಲಿ ಇರಲಿ

ತಂಗಿರುವಾಗ ಜಗಳವೋ ದೂರೋ ಆದಲ್ಲಿ, ಆ ದಿನದ ಲಾಗ್ ಪುಸ್ತಕಕ್ಕೆ ಹೋಗುವುದು ಮ್ಯಾನೇಜರ್ ಕಂಡ ಸಂಗತಿ ಮಾತ್ರ. ಬಿಸಿನೀರು ಬರಲಿಲ್ಲವೆಂದು ಮೂರು ಸಲ ಕೆಳಗಿಳಿದು ಬಂದು ಹೇಳಿದವರು ‘ಕೌಂಟರಿನಲ್ಲಿ ಕೂಗಾಡಿದರು’ ಎಂಬ ಒಂದೇ ಸಾಲಾಗಿ ಉಳಿಯುವುದು ಕಷ್ಟವೇನಲ್ಲ. ಅಂದೇ ಒಂದು ಚಿಕ್ಕ ಇಮೇಲ್ ಕಳಿಸಿ: ಏನಾಯಿತು, ಯಾವ ಹೊತ್ತಿಗೆ ಯಾರಿಗೆ ತಿಳಿಸಿದೆ, ಏನು ಉತ್ತರ ಬಂತು. ಮುಂದೆ ಟಿಪ್ಪಣಿಯನ್ನು ತಿದ್ದಿಸಬೇಕಾದಾಗ ನಿಮ್ಮ ಕೈಯಲ್ಲಿರುವ ಆಧಾರ ಇದೊಂದೇ.

ಹೊರಡುವಾಗ ಕೋಣೆಯ ಟಿವಿಯಲ್ಲಿ ತೆರೆದಿದ್ದ ಖಾತೆಗಳಿಂದ ಹೊರಬರುವುದನ್ನು ಮರೆಯಬೇಡಿ.

ನಾಲ್ಕನೆಯ ಹೆಜ್ಜೆ: ನಿಮ್ಮ ಕಡತವನ್ನು ಕೇಳಿ ಪಡೆಯುವುದು

ಇಲ್ಲಿ ಮೊದಲ ತೊಡಕು ಯಾರನ್ನು ಕೇಳಬೇಕೆಂಬುದು. ದೊಡ್ಡ ಬ್ರ್ಯಾಂಡಿನ ಬೋರ್ಡ್ ಹೊತ್ತ ಎಷ್ಟೋ ಕಟ್ಟಡಗಳು ಬೇರೆ ಮಾಲೀಕರವು, ಫ್ರಾಂಚೈಸಿ ಒಪ್ಪಂದದ ಮೇಲೆ ನಡೆಯುವಂಥವು. ಸದಸ್ಯತ್ವದ ಖಾತೆ ಬ್ರ್ಯಾಂಡಿನ ಕೇಂದ್ರ ಕಚೇರಿಯಲ್ಲಿದ್ದರೆ, ಲಾಗ್ ಪುಸ್ತಕ, ಸಿಸಿಟಿವಿ, ಗುರುತಿನ ಚೀಟಿಯ ಪ್ರತಿ ಆ ಕಟ್ಟಡದಲ್ಲೇ ಇರುತ್ತವೆ. ಆದ್ದರಿಂದ ಬ್ರ್ಯಾಂಡಿನ ಗೋಪ್ಯತಾ ನೀತಿಯ ಪುಟದಲ್ಲಿರುವ ವಿಳಾಸಕ್ಕೂ ಹೋಟೆಲಿನ ಜನರಲ್ ಮ್ಯಾನೇಜರ್‌ಗೂ ಒಂದೇ ಪತ್ರವನ್ನು ಕಳಿಸುವುದು ಒಳ್ಳೆಯದು.

ಪತ್ರ ಉದ್ದ ಇರಬೇಕಿಲ್ಲ, ಆದರೆ ಕೇಳುವುದನ್ನು ಹೆಸರು ಹಿಡಿದು ಕೇಳಬೇಕು. ಒಂದು ಮಾದರಿ ಇಲ್ಲಿದೆ:

‘ಮಾನ್ಯರೇ, ನಾನು ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಿಮ್ಮ ಹೋಟೆಲಿನಲ್ಲಿ ತಂಗಿದ್ದೆ. ಕಾಯ್ದಿರಿಸಿದ ಸಂಖ್ಯೆ ಇದು. ನನಗೆ ಸಂಬಂಧಿಸಿದ ಎಲ್ಲ ವೈಯಕ್ತಿಕ ಮಾಹಿತಿಯ ಪ್ರತಿಯನ್ನು ದಯವಿಟ್ಟು ಒದಗಿಸಿ. ಅದರಲ್ಲಿ ಪ್ರೊಫೈಲ್ ಟಿಪ್ಪಣಿ, ಕಾಯ್ದಿರಿಸುವಿಕೆಯ ಟಿಪ್ಪಣಿ, ಅಲರ್ಟ್, ಟ್ರೇಸ್, ನಿರ್ಬಂಧದ ಗುರುತು, ಡ್ಯೂಟಿ ಮ್ಯಾನೇಜರ್ ಲಾಗ್‌ನಲ್ಲಿ ನನ್ನ ಬಗ್ಗೆ ಇರುವ ನಮೂದು, ಗುರುತಿನ ಚೀಟಿಯ ಪ್ರತಿ ಇವೂ ಸೇರಿರಲಿ. ಈ ಮಾಹಿತಿಯನ್ನು ಯಾರೊಂದಿಗೆ ಹಂಚಿಕೊಂಡಿದ್ದೀರಿ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂಬುದನ್ನೂ ತಿಳಿಸಿ. ನನ್ನ ಹೆಸರಿನ ಈ ಕೆಳಗಿನ ಎಲ್ಲ ಬರಹರೂಪಗಳಲ್ಲೂ, ಈ ಫೋನ್ ಸಂಖ್ಯೆ ಮತ್ತು ಇಮೇಲ್‌ನಲ್ಲೂ ಹುಡುಕಬೇಕಾಗಿ ವಿನಂತಿ.’

ಕೊನೆಯ ವಾಕ್ಯಕ್ಕೆ ಕಾರಣವಿದೆ. ಇನಿಶಿಯಲ್ ಒಮ್ಮೆ ಹೆಸರಿನ ಹಿಂದೆ, ಒಮ್ಮೆ ಮುಂದೆ ಬರುವ, ತಂದೆಯ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿಬಿಡುವ ನಮ್ಮಂಥವರಿಗೆ ಒಂದೇ ಹೋಟೆಲಿನಲ್ಲಿ ಎರಡು ಮೂರು ಪ್ರೊಫೈಲ್ ಹುಟ್ಟಿಕೊಳ್ಳುವುದು ಸುಲಭ. ಒಂದನ್ನು ಅಳಿಸಿದರೆ ಇನ್ನೊಂದು ಹಾಗೇ ಉಳಿಯುತ್ತದೆ. ಅದೇ ಹೆಸರಿನ ಬೇರೊಬ್ಬರ ಪ್ರೊಫೈಲ್ ನಿಮ್ಮದರೊಂದಿಗೆ ಬೆರೆತು, ಅವರ ಮೇಲಿನ ದೂರು ನಿಮ್ಮ ತಲೆಗೆ ಬರುವುದೂ ಸಾಧ್ಯ.

ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ಕಾನೂನಾದ ಜಿಡಿಪಿಆರ್ ಪ್ರಕಾರ ಇಂಥ ಕೋರಿಕೆಗೆ ಒಂದು ತಿಂಗಳೊಳಗೆ, ಸಾಮಾನ್ಯವಾಗಿ ಶುಲ್ಕವಿಲ್ಲದೆ, ಉತ್ತರಿಸಬೇಕು. ಕೋರಿಕೆ ಜಟಿಲವಾಗಿದ್ದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಗಡುವು 45 ದಿನ, ಅದನ್ನು ಒಮ್ಮೆ ಅಷ್ಟೇ ದಿನ ವಿಸ್ತರಿಸಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಮಾಹಿತಿಯ ಸಾರಾಂಶ ಪಡೆಯುವ, ತಿದ್ದಿಸುವ, ಅಳಿಸುವ ಹಕ್ಕುಗಳನ್ನು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ.

‘ಸಿಬ್ಬಂದಿಯ ಟಿಪ್ಪಣಿ ನಮ್ಮ ಆಂತರಿಕ ವಿಷಯ’ ಎಂಬ ಉತ್ತರ ಬಂದರೆ ಅಲ್ಲಿಗೇ ಸುಮ್ಮನಾಗಬೇಡಿ. ಪರೀಕ್ಷಾರ್ಥಿಯ ಉತ್ತರಪತ್ರಿಕೆಯ ಮೇಲೆ ಪರೀಕ್ಷಕರು ಬರೆದ ಷರಾ ಕೂಡ ಆ ವಿದ್ಯಾರ್ಥಿಯ ವೈಯಕ್ತಿಕ ಮಾಹಿತಿಯೇ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2017ರ ನೊವಾಕ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಒಬ್ಬರ ಬಗ್ಗೆ ಇನ್ನೊಬ್ಬರು ಬರೆದ ಅಭಿಪ್ರಾಯವೂ ಮಾಹಿತಿಯೇ ಎಂಬ ಈ ತರ್ಕ ಹೋಟೆಲ್ ಟಿಪ್ಪಣಿಗೂ ಅನ್ವಯಿಸುತ್ತದೆ. ಬೇರೆ ಅತಿಥಿಗಳ ಹೆಸರನ್ನು ಮರೆಮಾಡಿ ಕೊಡುವುದು ಮಾತ್ರ ನ್ಯಾಯವೇ.

ಕೋರಿಕೆ ಕಳಿಸಿದವರು ನೀವೇ ಎಂದು ಖಚಿತಪಡಿಸಿಕೊಳ್ಳುವ ಹೊಣೆ ಹೋಟೆಲಿನದು; ಇಲ್ಲವಾದರೆ ಯಾರದೋ ಕಡತ ಯಾರದೋ ಕೈ ಸೇರುತ್ತದೆ. ಆದರೆ ಕಾಯ್ದಿರಿಸಿದ ಸಂಖ್ಯೆ ಮತ್ತು ಆಗ ಬಳಸಿದ ಇಮೇಲಿನಿಂದ ಗುರುತು ಖಚಿತವಾಗುವಾಗ ಪಾಸ್‌ಪೋರ್ಟಿನ ಹೊಸ ಪ್ರತಿಯನ್ನು ಕೇಳುವುದು ಅತಿಯಾಯಿತು. ಸಿಸಿಟಿವಿ ದೃಶ್ಯ ಬೇಕಿದ್ದರೆ ಮಾತ್ರ ತಡ ಮಾಡಬಾರದು. ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಣವಾಗುತ್ತ ಹೋಗುವುದರಿಂದ, ದಿನ ಮತ್ತು ಹೊತ್ತನ್ನು ಸೂಚಿಸಿ, ಅಷ್ಟು ಭಾಗವನ್ನು ಅಳಿಸದೆ ಎತ್ತಿಡಿ ಎಂದು ಕೂಡಲೇ ಬರೆಯಬೇಕು.

ಐದನೆಯ ಹೆಜ್ಜೆ: ತಿದ್ದಿಸುವುದು, ಅಳಿಸುವುದು

ಕಡತ ಕೈಗೆ ಬಂದ ಮೇಲೆ ಎಲ್ಲವನ್ನೂ ಅಳಿಸಿ ಎಂದು ಒಟ್ಟಾರೆ ಬರೆದರೆ ಒಟ್ಟಾರೆ ನಿರಾಕರಣೆಯೇ ಬರಬಹುದು. ಬಿಲ್ಲುಗಳನ್ನು ತೆರಿಗೆ ಕಾನೂನಿಗಾಗಿ, ರಿಜಿಸ್ಟರನ್ನು ಸರ್ಕಾರಕ್ಕಾಗಿ ನಿಗದಿತ ಕಾಲ ಇಡಲೇಬೇಕಾಗುತ್ತದೆ. ನ್ಯಾಯಾಲಯದಲ್ಲಿರುವ ವ್ಯಾಜ್ಯದ ದಾಖಲೆಯೂ ಹಾಗೆಯೇ. ಆದ್ದರಿಂದ ಸಾಲುಸಾಲಾಗಿ ಹೇಳಿ: ಈ ಟಿಪ್ಪಣಿ ತಪ್ಪು, ಆಧಾರ ಇಲ್ಲಿದೆ, ತಿದ್ದಿ, ಈ ಆರೋಗ್ಯದ ಸಾಲಿಗೆ ಈಗ ಉಪಯೋಗವಿಲ್ಲ, ತೆಗೆಯಿರಿ, ಜಾಹೀರಾತಿಗೆ ನನ್ನ ಇಮೇಲ್ ಬಳಸಬೇಡಿ. ಹಳೆಯ ತಂಗುವಿಕೆಯ ಲೆಕ್ಕವನ್ನು ಉಳಿಸಿಕೊಂಡು ಹೆಸರನ್ನು ಮಾತ್ರ ಅಳಿಸಿ ಅನಾಮಧೇಯಗೊಳಿಸುವ ಸೌಲಭ್ಯ ತಂತ್ರಾಂಶಗಳಲ್ಲಿದೆ; ‘ಲೆಕ್ಕಪತ್ರ ಕೆಡುತ್ತದೆ’ ಎಂಬ ನೆಪ ಬಂದರೆ ಅದನ್ನೇ ಸೂಚಿಸಬಹುದು.

ನಿರ್ಬಂಧದ ಗುರುತು ಬಿದ್ದಿದ್ದರೆ, ಯಾವ ಘಟನೆಯ ಮೇಲೆ, ಯಾರ ತೀರ್ಮಾನದಿಂದ, ಎಷ್ಟು ಕಾಲಕ್ಕೆ ಎಂದು ಕೇಳಿ. ಹಲ್ಲೆ ಮಾಡಿದವರನ್ನು, ಬಾಕಿ ಕೊಡದೆ ಹೋದವರನ್ನು ನೆನಪಿಟ್ಟುಕೊಳ್ಳುವ ಹಕ್ಕು ಹೋಟೆಲಿಗೆ ಖಂಡಿತ ಇದೆ, ಅಲ್ಲಿನ ಸಿಬ್ಬಂದಿಗೂ ರಕ್ಷಣೆ ಬೇಕು. ಘಟನೆ, ದಿನಾಂಕ, ಕಾಲಮಿತಿ ಯಾವುದೂ ಇಲ್ಲದೆ ‘ಕಿರಿಕಿರಿ ಅತಿಥಿ’ ಎಂದಷ್ಟೇ ಇದ್ದರೆ ಅದನ್ನು ತೆಗೆಸಲು ಪಟ್ಟು ಹಿಡಿಯಬಹುದು.

ಹಳೆಯದನ್ನು ಅಳಿಸಲು ಇಷ್ಟು ಶ್ರಮ ಏಕೆಂದು ಕೇಳುವವರು ಸ್ಟಾರ್‌ವುಡ್ ಪ್ರಕರಣವನ್ನು ನೋಡಬೇಕು. ಆ ಹೋಟೆಲ್ ಸಮೂಹದ ಕಾಯ್ದಿರಿಸುವಿಕೆಯ ದತ್ತಸಂಚಯಕ್ಕೆ 2014ರಲ್ಲೇ ಕನ್ನ ಬಿದ್ದಿತ್ತು. ಮ್ಯಾರಿಯಟ್ ಎಂಬ ಇನ್ನೊಂದು ಹೋಟೆಲ್ ಕಂಪನಿ 2016ರಲ್ಲಿ ಆ ಸಮೂಹವನ್ನು ಕೊಂಡಿತು. ಕನ್ನ ಪತ್ತೆಯಾದದ್ದು 2018ರ ಸೆಪ್ಟೆಂಬರ್‌ನಲ್ಲಿ, ಜಗತ್ತಿಗೆ ತಿಳಿದದ್ದು ಅದೇ ನವೆಂಬರ್ 30ರಂದು. ಮೊದಲು ಹೇಳಿದ ಗರಿಷ್ಠ ಅಂದಾಜು 50 ಕೋಟಿ ಅತಿಥಿಗಳು. ಪರಿಶೀಲನೆಯ ನಂತರ ಅದನ್ನು ಹೆಚ್ಚೆಂದರೆ ಸುಮಾರು 38.3 ಕೋಟಿ ದಾಖಲೆಗಳೆಂದು ಇಳಿಸಲಾಯಿತು. ಅವುಗಳಲ್ಲಿ ಸುಮಾರು 52.5 ಲಕ್ಷ ಪಾಸ್‌ಪೋರ್ಟ್ ಸಂಖ್ಯೆಗಳಿಗೆ ಗೂಢಲಿಪೀಕರಣದ ರಕ್ಷಣೆಯೇ ಇರಲಿಲ್ಲ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರ ಅಕ್ಟೋಬರ್‌ನಲ್ಲಿ ಮ್ಯಾರಿಯಟ್‌ಗೆ 1.84 ಕೋಟಿ ಪೌಂಡ್ ದಂಡ ವಿಧಿಸಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಡಿಸೆಂಬರ್‌ನಲ್ಲಿ ಅಂತಿಮಗೊಳಿಸಿದ ಆದೇಶವು, ಅಗತ್ಯವಿರುವಷ್ಟು ಕಾಲ ಮಾತ್ರ ಮಾಹಿತಿ ಇಡಬೇಕೆಂದೂ, ಇಮೇಲ್ ಅಥವಾ ಸದಸ್ಯತ್ವ ಸಂಖ್ಯೆಗೆ ಸೇರಿದ ಮಾಹಿತಿಯನ್ನು ಅಳಿಸಲು ಅಲ್ಲಿನ ಗ್ರಾಹಕರು ಕೋರುವ ದಾರಿ ಇರಬೇಕೆಂದೂ ವಿಧಿಸಿತು. ಬಳಕೆ ಮುಗಿದ ಮೇಲೂ ಉಳಿಸಿಕೊಂಡ ಮಾಹಿತಿಯೇ ಇಂಥ ಕಳವಿನ ಗಾತ್ರವನ್ನು ಹಿಗ್ಗಿಸುವುದು.

ಸೋರಿಕೆಯ ಸುದ್ದಿ ಬಂದ ಮೇಲೆ ಬರುವ ಸಂದೇಶಗಳ ಬಗ್ಗೆಯೂ ಎಚ್ಚರವಿರಲಿ. ನಿಮ್ಮ ಹೆಸರು, ತಂಗುವ ದಿನ, ಹೋಟೆಲ್ ಎಲ್ಲವನ್ನೂ ಸರಿಯಾಗಿ ಹೇಳಿ, ಕಾಯ್ದಿರಿಸಿದ್ದು ರದ್ದಾಗದಿರಲು ಈ ಕೊಂಡಿಯಲ್ಲಿ ಕಾರ್ಡ್ ವಿವರ ತುಂಬಿ ಎನ್ನುವ ಸಂದೇಶ ಬಂದರೆ, ವಿವರ ಸರಿ ಇದೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ. ಹೋಟೆಲಿನ ಫೋನ್ ಸಂಖ್ಯೆಯನ್ನು ನೀವೇ ಹುಡುಕಿ ಕರೆ ಮಾಡಿ ವಿಚಾರಿಸಿ.

ಗಡುವು ಮೀರಿದರೂ ಉತ್ತರ ಬಾರದಿದ್ದರೆ ಒಂದು ನೆನಪೋಲೆ, ಅದಕ್ಕೂ ಉತ್ತರವಿಲ್ಲದಿದ್ದರೆ ಆ ದೇಶದ ದತ್ತಾಂಶ ಸಂರಕ್ಷಣಾ ಪ್ರಾಧಿಕಾರಕ್ಕೆ ದೂರು. ದೂರಿಗೆ ಮೊದಲ ಪತ್ರ, ಕಳಿಸಿದ ದಿನಾಂಕದ ಆಧಾರ, ಬಂದ ಉತ್ತರ ಇಷ್ಟನ್ನು ಲಗತ್ತಿಸಿ. ಸದಸ್ಯತ್ವದ ಖಾತೆಯನ್ನೂ ಮುಚ್ಚಿಸುವುದಾದರೆ ಅದರಲ್ಲಿ ಉಳಿದಿರುವ ಪಾಯಿಂಟ್‌ಗಳನ್ನು ಮೊದಲು ಬಳಸಿಕೊಳ್ಳಿ, ಖಾತೆಯ ಜೊತೆಗೆ ಅವೂ ಹೋಗುತ್ತವೆ.